ಮಂಗಳವಾರ ಸ್ಟಾರ್ಟ್ ಆಗುತ್ತಿದ್ದ ದೋಣಿ

ಫೋನು ಬಂದಾಗ ನಾನು ಹುಲ್ಲಹಳ್ಳಿ ರೈತರೊಬ್ಬರ ಡೀಸೆಲ್ ಪಂಪ್‌ಸೆಟ್ಟನ್ನು ಬಿಚ್ಚಿ, ಬಿಡಿಭಾಗಗಳನ್ನು ತಟ್ಟೆಯಲ್ಲಿ ಹರಡಿಕೊಂಡು ಕೂತಿದ್ದೆ. ನಂಜನಗೂಡಿನಲ್ಲಿ ನನ್ನ ಅಂಗಡಿ. ಫೋನು ಮಾಡಿದವರು ನರಸೀಪುರದ ಸಂಗಮದಲ್ಲಿ ಯಾತ್ರಿಕರನ್ನು ನಡುಹೊಳೆಗೆ ಕರೆದೊಯ್ಯುವ ಮೋಟಾರು ದೋಣಿಯ ಮ್ಯಾನೇಜರು.

“ಮಳೆಗಾಲ ಪೂರ್ತಿ ಎತ್ತಿಟ್ಟಿದ್ವಿ. ಈಗ ಹಗ್ಗ ಎಳೆದೂ ಎಳೆದೂ ನಮ್ಮ ಡ್ರೈವರ್ ತೋಳು ಬಿದ್ದೋಯ್ತು, ಎಂಜಿನ್ನು ಮಾತ್ರ ಕೆಮ್ಮೋದೂ ಇಲ್ಲ. ಬಂದು ನೋಡಿ.”

“ನಾನು ಡೀಸೆಲ್ ಮನುಷ್ಯ. ಪಂಪ್‌ಸೆಟ್ಟು, ಟಿಲ್ಲರ್ರು, ಅಷ್ಟೇ. ದೋಣಿ ಎಂಜಿನ್ ಮುಟ್ಟಿದೋನಲ್ಲ.”

“ಎಂಜಿನ್ನು ಎಂಜಿನ್ನೇ ಅಲ್ವಾ ಯಜಮಾನ್ರೇ?”

ಇರಬಹುದು ಅಂದುಕೊಂಡೆ. ಮಾರನೆಯ ದಿನ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ನನ್ನದೊಂದು ಅಭ್ಯಾಸವಿದೆ. ಕೈಗೆ ಬಂದ ಪ್ರತಿ ಎಂಜಿನ್ನಿಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ. ಯಾವ ದಿನ ಬಿಚ್ಚಿದೆ, ಒಳಗೆ ಏನು ಕಂಡೆ, ಎಂಜಿನ್ ಓಡಿಸುವವರು ಏನು ಹೇಳಿದರು, ಎಲ್ಲವನ್ನೂ ಬರೆದಿಡುತ್ತೇನೆ. ಎಂಜಿನ್ನಿನ ಮುಂದೆ ಕೂರುವಷ್ಟೇ ಹೊತ್ತು ಈ ಪುಸ್ತಕದ ಮುಂದೆ ಕೂರುತ್ತೀರಿ ಎಂದು ಮನೆಯಾಕೆ ಆಡಿಕೊಳ್ಳುತ್ತಾಳೆ. ಆ ದೋಣಿಯ ಪುಟ ಈಗಲೂ ನನ್ನ ಬಳಿ ಇದೆ. ಅದನ್ನು ನೋಡಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಹಳೆಯ ಪೆಟ್ರೋಲ್ ಎಂಜಿನ್, ದೋಣಿಯ ಹಿಂಬದಿಯ ಹಲಗೆಗೆ ಕಚ್ಚಿಕೊಂಡು ನೇತಾಡುವಂಥದ್ದು. ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕಬೇಕು, ಹಗ್ಗ ಎಳೆದು ಸ್ಟಾರ್ಟ್ ಮಾಡಬೇಕು. ಮೇಲಿನ ಫೈಬರ್ ಮುಚ್ಚಳ ಬಿಸಿಲಿಗೆ ಬಣ್ಣ ಕಳೆದುಕೊಂಡಿತ್ತು. ಮುಚ್ಚಳದ ಅಂಚಿನ ರಬ್ಬರ್ ಪಟ್ಟಿ ಮುಂಭಾಗದಲ್ಲಿ ಒಂದು ಗೇಣಿನಷ್ಟು ಕಿತ್ತುಹೋಗಿತ್ತು. ಅದನ್ನೂ ಬರೆದುಕೊಂಡಿದ್ದೇನೆ: ‘ರಬ್ಬರ್ ಇಲ್ಲ. ಪರವಾಗಿಲ್ಲ.’

ಡ್ರೈವರು ನನ್ನ ವಯಸ್ಸಿನವರೇ, ಬನ್ನೂರು ಕಡೆಯವರು. ಹುಡುಗನಾಗಿದ್ದಾಗಿನಿಂದ ತೆಪ್ಪ ಹಾಕಿ, ಆಮೇಲೆ ಈ ದೋಣಿಗೆ ಬಂದವರು. ಲೈಫ್ ಜಾಕೆಟ್ ಇಡುವ ಪೆಟ್ಟಿಗೆಯ ಒಳಮುಚ್ಚಳಕ್ಕೆ ಬುದ್ಧನ ಪುಟ್ಟ ಚಿತ್ರ ಅಂಟಿಸಿದ್ದರು. ನಾನು ಬಿಚ್ಚುತ್ತಾ ಹೋದ ಹಾಗೆ ಸ್ಕ್ರೂಗಳನ್ನು ಒಂದು ಎಲೆಯ ಮೇಲೆ ಬಿಚ್ಚಿದ ಸಾಲಿನಲ್ಲೇ ಜೋಡಿಸಿಟ್ಟರು. ಅಷ್ಟು ಸಾಕು, ಒಬ್ಬನಿಗೆ ಕೆಲಸ ಗೊತ್ತಿದೆಯೋ ಇಲ್ಲವೋ ತಿಳಿಯಲು. ಆ ದಿನ ನನಗೆ ತಿಳಿದಿತ್ತು. ಆಮೇಲೆ ಮರೆತೆ.

ಅವತ್ತಿನ ತೊಂದರೆ ಸುಲಭದ್ದು. ಕಾರ್ಬ್ಯುರೇಟರಿನಲ್ಲಿ ನಿಂತಿದ್ದ ಹಳೆ ಪೆಟ್ರೋಲು ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು. ತೂತುಗಳನ್ನು ತಂತಿಯ ಎಳೆಯಿಂದ ಬಿಡಿಸಿ, ಊದಿ, ಕಿಡಿ ಹೊತ್ತಿಸುವ ಎರಡೂ ಪ್ಲಗ್ ಬದಲಾಯಿಸಿದೆ. ಈ ಗಡಿಬಿಡಿಯಲ್ಲಿ ಒಂದು ವೈರು ಕೈಗೆ ಮುರಿದು ಬಂತು. ಎಂಜಿನ್ ನಿಲ್ಲಿಸುವ ಕೆಂಪು ಗುಂಡಿಯ ವೈರು ಅದು. ಗುಂಡಿ ಒತ್ತಿದರೆ ಪ್ಲಗ್ಗಿಗೆ ಹೋಗಬೇಕಾದ ಕರೆಂಟು ಈ ವೈರಿನ ಮೂಲಕ ಎಂಜಿನ್ನಿನ ಮೈಗೆ ಇಳಿದುಬಿಡುತ್ತದೆ, ಕಿಡಿ ಸಾಯುತ್ತದೆ, ಎಂಜಿನ್ ನಿಲ್ಲುತ್ತದೆ. ಮುರಿದ ತುದಿಗಳನ್ನು ಹೆರೆದು, ಹೆಣೆದು, ಬಟ್ಟೆ ಟೇಪ್ ಸುತ್ತಿ, ಮುಂಭಾಗದ ಮೂಲೆಗೆ ತಳ್ಳಿದೆ. ಮೂರನೇ ಎಳೆತಕ್ಕೆ ಎಂಜಿನ್ ಹೊತ್ತಿಕೊಂಡಿತು. ನೀಲಿ ಹೊಗೆ ಹೊಳೆಯ ಮೇಲೆ ಹರಡಿತು. ದಡದಲ್ಲಿದ್ದವರು ಚಪ್ಪಾಳೆ ಹೊಡೆದರು.

ಮ್ಯಾನೇಜರು ಆಗಲೇ ತೆಂಗಿನಕಾಯಿ ತರಿಸಿದ್ದರು.

“ನೀವೇ ಒಡೆದುಬಿಡಿ. ನಮ್ಮೋನು ಒಡೆಯಲ್ಲ.”

ಡ್ರೈವರು ಬಟ್ಟೆಗೆ ಕೈ ಒರೆಸಿಕೊಳ್ಳುತ್ತಾ, “ನಾನು ಒಡೆಯಕಿಲ್ಲ ಸಾ. ನೀವು ಒಡೀರಿ, ಬ್ಯಾಡ ಅನ್ನಕಿಲ್ಲ,” ಅಂದು ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು.

ನಾನು ದಿನಾ ಲಿಂಗಪೂಜೆ ಮಾಡದೆ ಕಾಫಿ ಮುಟ್ಟುವವನಲ್ಲ. ಎಂಜಿನ್ ಸರಿಹೋದ ಮೇಲೆ ಕಾಯಿ ಒಡೆಯುವುದಂತೂ ನಮ್ಮ ಕಸುಬಿನ ಕ್ರಮ. ಒಡೆದ ಮೇಲೆ ಹೋಳನ್ನು ಬೋರಲು ಮಾಡಿ, ಕಾಯಿನೀರನ್ನು ಎಂಜಿನ್ನಿನ ನೆತ್ತಿಯ ಮೇಲೆ ನಿಧಾನವಾಗಿ ಬಿಡುತ್ತೇವೆ. ಬಿಸಿ ಕಬ್ಬಿಣದ ಮೇಲೆ ಅದು ಚುರ್ ಅನ್ನಬೇಕು. ರೈತರು ಆ ಸದ್ದಿಗೆ ಕಾದು ನಿಂತಿರುತ್ತಾರೆ. ಎಷ್ಟು ಗದ್ದೆಗಳ ಅಂಚಿನಲ್ಲಿ ಎಷ್ಟು ಪಂಪ್‌ಸೆಟ್ಟುಗಳಿಗೆ ಹಾಗೆ ಮಾಡಿದ್ದೇನೋ. ದೋಣಿಗೂ ಮಾಡಿದೆ. ನೀರು ಫೈಬರ್ ಮುಚ್ಚಳದ ಮೇಲಿಂದ ಮುಂದಕ್ಕೆ ಇಳಿದು ಹೋಯಿತು. ಚುರ್ ಅನ್ನಲಿಲ್ಲ.

ಮ್ಯಾನೇಜರಿಗೆ ಅದು ಬಹಳ ಹಿಡಿಸಿತು. “ಅಭಿಷೇಕ ಆದಂಗಾಯ್ತು. ಇನ್ಮೇಲೆ ಮೊದಲನೇ ಟ್ರಿಪ್ಪಿಗೆ ಮುಂಚೆ ದಿನಾ ನಾನೇ ಹಿಂಗೆ ಮಾಡ್ತೀನಿ,” ಅಂದರು. ಮಾಡಿದರೂ ಮಾಡಿದರು, ಊರಲ್ಲಿದ್ದಷ್ಟೂ ದಿನ.

ಹತ್ತು ದಿನಕ್ಕೆ ಮತ್ತೆ ಫೋನು. ಬೆಳಿಗ್ಗೆ ಸ್ಟಾರ್ಟ್ ಆಗುತ್ತಿಲ್ಲ. ಅಂಗಡಿ ತೆರೆದು, ಬಂದವರಿಗೆ ಉತ್ತರ ಹೇಳಿ, ಬಸ್ಸು ಹಿಡಿದು ನಾನು ಹೊಳೆದಂಡೆ ಮುಟ್ಟುವಾಗ ಹನ್ನೊಂದೂವರೆ. ಹಗ್ಗ ಎಳೆದೆ. ಎರಡನೆಯ ಎಳೆತಕ್ಕೆ ಎಂಜಿನ್ ಹೊತ್ತಿಕೊಂಡಿತು.

“ನೋಡಿ ಸಾ,” ಅಂದರು ಡ್ರೈವರು. “ಒತ್ತಾರೆ ಏನು ಎಳುದ್ರೂ ಬರಕಿಲ್ಲ. ನೀವು ಬರೋ ಒತ್ಗೆ ಒಳ್ಳೆ ಮದುವಣಗಿತ್ತಿ ತರ ತಯಾರಾಗ್ಬುಡ್ತದೆ.”

ನಾನು ಬಿಡಲಿಲ್ಲ. ಪ್ಲಗ್ ತೆಗೆದು ಎಂಜಿನ್ನಿನ ಮೈಗೆ ತಾಗಿಸಿ ಹಗ್ಗ ಎಳೆಸಿದೆ. ನೀಲಿ ಕಿಡಿ, ಟಪ್ ಟಪ್ ಎಂದು ಕಿವಿಗೆ ಕೇಳುವಷ್ಟು ಗಟ್ಟಿ. ಪೆಟ್ರೋಲು ಬಾಟಲಿಗೆ ಹಿಡಿದು ಬಿಸಿಲಿಗೆ ಎತ್ತಿ ನೋಡಿದೆ. ಈಗಿನ ಪೆಟ್ರೋಲು ಬೇಗ ನೀರು ಕುಡಿಯುತ್ತದೆ, ತಳದಲ್ಲಿ ಬೇರೆ ಪದರ ಕಾಣಬೇಕು. ಕಾಣಲಿಲ್ಲ. ಆದರೂ ಟ್ಯಾಂಕು ತೊಳೆದೆ, ಪೈಪಿನ ಕೈಪಂಪು ಒತ್ತಿ ನೋಡಿದೆ, ಕಾರ್ಬ್ಯುರೇಟರ್ ಇನ್ನೊಮ್ಮೆ ಬಿಚ್ಚಿದೆ. ಎಲ್ಲೂ ಏನೂ ಇಲ್ಲ. ಕಂಡದ್ದು ಒಂದೇ: ಬೆಳಿಗ್ಗೆ ಡ್ರೈವರು ತೆಗೆದು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಎರಡು ಪ್ಲಗ್ಗುಗಳು ಪೆಟ್ರೋಲಿನಲ್ಲಿ ನೆಂದು ಕಪ್ಪಗೆ ತೊಟ್ಟಿಕ್ಕುವಂತಿದ್ದವು.

“ಚೋಕ್ ಎಷ್ಟು ಸಲ ಎಳೀತೀಯಾ?” ಕೇಳಿದೆ. ತಣ್ಣಗಿರುವ ಎಂಜಿನ್ನಿಗೆ ಹೆಚ್ಚು ಪೆಟ್ರೋಲು ಬಿಡುವ ಗುಬುಟು ಅದು.

“ಒಂದ್ ಸಲ. ಬರ್ನಿಲ್ಲ ಅಂದ್ರೆ ಇನ್ನೊಂದ್ ಸಲ.”

“ಅದೇ. ಪೆಟ್ರೋಲು ತುಂಬಿ ಮುಳುಗಿಸ್ತಾ ಇದ್ದೀಯ.”

“ಬಂದ್ರೆ ಯಾಕ್ ಎಳೀಲಿ ಸಾ? ಬರಾಕಿಲ್ಲ ಅಂತ ತಾನೇ ಎಳಿಯೋದು?”

ಈಗ ಆ ಪ್ರಶ್ನೆಯನ್ನು ಓದಿದರೆ ಉತ್ತರ ಅದರೊಳಗೇ ಇದೆ. ಪ್ಲಗ್ ನೆಂದದ್ದರಿಂದ ಕಿಡಿ ಬಾರದೆ ಇರಬಹುದು. ಕಿಡಿಯೇ ಬಾರದ್ದರಿಂದ ಪೆಟ್ರೋಲು ಉರಿಯದೆ ಪ್ಲಗ್ ನೆನೆದಿರಲೂಬಹುದು. ಎರಡಕ್ಕೂ ಗುರುತು ಒಂದೇ, ಒದ್ದೆ ಪ್ಲಗ್ಗು. ನಾನು ನನಗೆ ಸುಲಭವಾದದ್ದನ್ನು ಓದಿಕೊಂಡೆ.

ಮೂರು ಸಲ ಹೋದೆ. ಮೂರು ಸಲವೂ ಹನ್ನೊಂದರ ಮೇಲೆಯೇ, ಮೂರು ಸಲವೂ ಎಂಜಿನ್ ಎರಡೇ ಎಳೆತಕ್ಕೆ ಬಂತು. ಮೂರನೆಯ ಸಲ ಡ್ರೈವರು ಹೇಳಿದರು: “ಸಾ, ಒಂದ್ ದಪ ಒತ್ತಾರೆ ಬನ್ನಿ. ಇಲ್ಲಾಂದ್ರೆ ಮಂಗ್ಳಾರ ಬಂದು ನೋಡಿ. ಮಂಗ್ಳಾರ ಒತ್ತಾರೇನೂ ಬತ್ತದೆ, ನಾಕೇ ಎಳ್ತಕ್ಕೆ.”

“ಎಂಜಿನ್ನಿಗೆ ವಾರ ಗೊತ್ತಾಗ್ತದೇನಯ್ಯಾ?” ಎಂದು ನಕ್ಕೆ.

ಮ್ಯಾನೇಜರು ನನಗಿಂತ ಜೋರಾಗಿ ನಕ್ಕರು. “ಇವ್ನು ಪೂಜೆಗೆ ಬಗ್ಗಲ್ಲ, ಎಂಜಿನ್ನು ಇವ್ನಿಗೆ ಬಗ್ಗಲ್ಲ. ಲೆಕ್ಕ ಸರಿಹೋಯ್ತು ಬಿಡಿ.”

ಡ್ರೈವರು ನಗಲಿಲ್ಲ. “ನಂಗೊತ್ತಿಲ್ಲ ಸಾ. ಬರ್ಕಳಿ, ಅಷ್ಟೆ.”

ಬರೆದುಕೊಂಡೆ. ‘ಮಂಗಳವಾರ ಚೆನ್ನಾಗಿ ಬರುತ್ತದಂತೆ.’ ಆ ‘ಅಂತೆ’ಯ ಮೇಲೆ ಪೆನ್ನು ಸ್ವಲ್ಪ ಒತ್ತಿದ ಗುರುತು ಇದೆ. ಕೇಳಿದ್ದನ್ನು ಬರೆದದ್ದು ನಾನೇ, ನಂಬದೆ ಬರೆದದ್ದೂ ನಾನೇ.

ಆಮೇಲೆ ಒಂದು ಶುಕ್ರವಾರ ನಡೆದದ್ದನ್ನು ನಾನು ಕಂಡಿಲ್ಲ, ದಡದಲ್ಲಿ ಟೀ ಮಾರುವವರು ಹೇಳಿದ್ದು. ತಂದೆಯ ಅಸ್ಥಿ ಬಿಡಲು ಒಂದು ಮನೆಯವರು ಬಂದಿದ್ದರು. ಕಾಯಿ ಒಡೆದಾಯಿತು. ಬಹಳ ಎಳೆದ ಮೇಲೆ ಎಂಜಿನ್ ಹೇಗೋ ಬಂತು. ನಡುಹೊಳೆಯಲ್ಲಿ ಅಸ್ಥಿ ಬಿಡುವಾಗ ಸದ್ದು ಬೇಡವೆಂದು ನಿಲ್ಲಿಸಿದರು. ಮತ್ತೆ ಬರಲಿಲ್ಲ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರಿಂದ ಸೆಳೆತ ಜಾಸ್ತಿ ಇತ್ತು. ದೋಣಿ ಸೇತುವೆಯ ಕಂಬಗಳ ಕಡೆಗೆ ಅಡ್ಡಡ್ಡ ಹೋಗತೊಡಗಿತು. ಹೆಂಗಸರು ಕೂಗಿಕೊಂಡರು. ಡ್ರೈವರು ಎಂಜಿನ್ ಬಿಟ್ಟು ಹುಟ್ಟು ಹಿಡಿದು, ಹಳೆಯ ತೆಪ್ಪದ ಲೆಕ್ಕದಲ್ಲಿ ಸೆಳೆತವನ್ನು ಓರೆಯಾಗಿ ಕಡಿದು, ಎರಡು ಫರ್ಲಾಂಗು ಕೆಳಗೆ ದಡ ಮುಟ್ಟಿಸಿದರು. ಅಂಗೈ ಸುಲಿದು ಹೋಗಿತ್ತಂತೆ. ಇಳಿದ ಮೇಲೆ ಸತ್ತವರ ಹೆಂಡತಿ, “ಇದ್ದಾಗ ಒಂದು ದಿನ ಜೊತೆಗೆ ಕರ್ಕೊಂಡೋಗ್ನಿಲ್ಲ, ಇವತ್ತು ಎಲ್ಲಾರ್ನೂ ಕರ್ಕೊಂಡೋಯ್ತಿದ್ದ,” ಅಂದರಂತೆ. ಮಕ್ಕಳಿಗೆ ನಗು ಬರಲಿಲ್ಲ. ಅವರು ನೇರ ಮ್ಯಾನೇಜರ ಬಳಿ ಹೋದರು.

ಮಾರನೆಯ ದಿನ ನನ್ನನ್ನು ಕರೆಸಿದರು. ಎಂಜಿನ್ ನೋಡಲಿಕ್ಕಲ್ಲ.

“ದೋಣಿ ಗುತ್ತಿಗೆದಾರ್ರು ಕೇಳ್ತಾವ್ರೆ, ತಪ್ಪು ಎಂಜಿನ್ನಿಂದಾ, ಆಳಿಂದಾ ಅಂತ. ಬಾಯಲ್ಲಿ ಹೇಳಿದ್ರೆ ಆಗಲ್ಲ. ಎರಡು ಸಾಲು ಬರೆದುಕೊಡಿ. ನಿಮ್ಮ ಅಕ್ಷರ ದುಂಡಗಿರುತ್ತೆ.”

ಅಕ್ಷರದ ಮಾತಿಗೆ ನಾನು ಉಬ್ಬಿದೆ ಎಂದು ಹೇಳಿಕೊಳ್ಳಲು ನಾಚಿಕೆ. ಅವರ ಟೇಬಲ್ಲಿನ ಮೇಲೇ ಬರೆದೆ. ಎಂಜಿನ್ ಸುಸ್ಥಿತಿಯಲ್ಲಿದೆ. ಮೂರು ಬಾರಿ ಪರೀಕ್ಷಿಸಿದ್ದೇನೆ. ಚಾಲಕರು ಚೋಕನ್ನು ಅತಿಯಾಗಿ ಬಳಸುವುದರಿಂದ ಪ್ಲಗ್ಗುಗಳು ಪೆಟ್ರೋಲಿನಲ್ಲಿ ನೆನೆದು ಸ್ಟಾರ್ಟ್ ಆಗುತ್ತಿಲ್ಲ. ಕೆಳಗೆ ಸಹಿ, ಚೀಲದಲ್ಲಿದ್ದ ಅಂಗಡಿಯ ಸೀಲು.

ಮೂರು ಬಾರಿಯಲ್ಲಿ ಒಂದು ಸಲವೂ ಬೆಳಿಗ್ಗೆ ಅಲ್ಲಿರಲಿಲ್ಲ ಎಂಬುದನ್ನು ಬರೆಯಲಿಲ್ಲ.

ಹೊರಗೆ ಡ್ರೈವರು ಕೈಗೆ ಬಟ್ಟೆ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದರು. “ಏನ್ ಬರುದ್ರಿ ಸಾ?”

“ಕಂಡದ್ದು ಬರೆದೆ.”

“ಸರಿ ಸಾ,” ಅಂದರು. ಅದೇ ವಾರ ಅವರನ್ನು ತೆಗೆದರು. ನನ್ನ ಕಾಗದದ ಫೋಟೋ ಹೊಳೆಯ ಉದ್ದಕ್ಕೂ ದೋಣಿ ನಡೆಸುವವರ ಫೋನುಗಳಿಗೆಲ್ಲ ಹೋಯಿತು ಎಂದು ಆಮೇಲೆ ತಿಳಿಯಿತು. ಚೋಕ್ ಹಾಕಲು ಬಾರದವನು, ಮಂದಿಯನ್ನು ಕಂಬಕ್ಕೆ ಹೊಡೆಯಲಿದ್ದವನು ಎಂದು ಹೆಸರಾಯಿತು. ನೀರಿನ ಮೇಲೆ ಅವರಿಗೆ ಇನ್ನು ಕೆಲಸವಿರಲಿಲ್ಲ.

ಹೊಸ ಡ್ರೈವರು ಬಂದರು. ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಕೈಯಲ್ಲಿ ದಾರ. ಕಾಯಿಯನ್ನು ಈಗ ಅವರೇ ಒಡೆಯುತ್ತಿದ್ದರು, ಮಂಗಳವಾರವೂ ತಪ್ಪಿಸದೆ. ಎರಡೇ ವಾರ. ಒಂದು ರಾತ್ರಿ ಊಟದ ಹೊತ್ತಿಗೆ ಮ್ಯಾನೇಜರ ಫೋನು: “ಯಜಮಾನ್ರೇ, ಇವನ ಕೈಯಲ್ಲೂ ಬರ್ತಿಲ್ವಲ್ಲ. ಈಗ ಮಂಗಳವಾರನೂ ಕೈ ಕೊಡ್ತಿದೆ.”

ಫೋನಿಟ್ಟು ಕೂತೆ. ಪುಸ್ತಕ ತೆಗೆದು ಆ ‘ಅಂತೆ’ಯ ಸಾಲನ್ನು ಓದಿದೆ. ಸಾರು ಬಡಿಸುತ್ತಿದ್ದ ಮನೆಯಾಕೆ ಕೇಳಿದಳು, “ಏನಾಯ್ತು ರೀ?” ಹೇಳಿದೆ. “ಅವರು ಬೆಳಿಗ್ಗೆ ಬನ್ನಿ ಅಂದಿದ್ರಲ್ಲ, ಒಂದು ದಿನ ಮೊದಲ ಬಸ್ಸಿಗೆ ಹೋಗಬಾರದಿತ್ತಾ?” ಅಂದಳು. ಅನ್ನ ಕಲಸಿಕೊಂಡೆ.

ಮಾರನೆಯ ದಿನ ಮೊದಲ ಬಸ್ಸಿಗೆ ಹೋದೆ. ಹೊಳೆಯ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಪೂಜೆ ಆಗಷ್ಟೇ ಮುಗಿದಿತ್ತು. ಎಂಜಿನ್ನಿನ ನೆತ್ತಿ ಒದ್ದೆ. ಹೊಸ ಡ್ರೈವರು ಹಗ್ಗ ಎಳೆದರು. ಹತ್ತು, ಹನ್ನೆರಡು, ಹದಿನೈದು. ಇಲ್ಲ.

“ಚೋಕ್ ಮುಟ್ಟಬೇಡಿ,” ಅಂದೆ. ಪ್ಲಗ್ ತೆಗೆದೆ. ಒದ್ದೆ. ಒರೆಸಿ ಮೈಗೆ ತಾಗಿಸಿ, “ಎಳೀರಿ.” ಕಿಡಿ ಇಲ್ಲ. ಇನ್ನೊಂದು ಪ್ಲಗ್. ಕಿಡಿ ಇಲ್ಲ.

ಎರಡಕ್ಕೂ ಒಟ್ಟಿಗೆ ಕಿಡಿ ಸತ್ತಿದ್ದರೆ ಎರಡಕ್ಕೂ ಸೇರಿದ ಒಂದು ಜಾಗದಲ್ಲಿ ತಪ್ಪಿರಬೇಕು. ನಿಲ್ಲಿಸುವ ಗುಂಡಿಯ ವೈರನ್ನು ಬುಡದಿಂದ ಕಳಚಿದೆ. “ಎಳೀರಿ.” ಟಪ್ ಎಂದು ನೀಲಿ ಕಿಡಿ. ಮತ್ತೆ ಸಿಕ್ಕಿಸಿದೆ, ಕಿಡಿ ಇಲ್ಲ. ಕಳಚಿದೆ, ಕಿಡಿ. ಖಾತ್ರಿಯಾದ ಮೇಲೂ ಇನ್ನೆರಡು ಸಲ ಹಾಗೇ ಮಾಡಿದೆ. ಮುಂದೆ ನೋಡಬೇಕಾದದ್ದನ್ನು ಸ್ವಲ್ಪ ಹೊತ್ತು ಮುಂದೂಡಲು ಇರಬೇಕು.

ಮುಂಭಾಗದ ಮೂಲೆಯಿಂದ ನನ್ನ ಜಾಯಿಂಟನ್ನು ಹೊರಗೆಳೆದೆ. ಸುತ್ತಿದ ಬಟ್ಟೆ ಟೇಪು ಉಬ್ಬಿ ಅಂಟಂಟಾಗಿತ್ತು. ಬಿಚ್ಚಿದರೆ ತಾಮ್ರ ಹಸಿರುಗಟ್ಟಿತ್ತು. ಮೂಗಿಗೆ ಹಿಡಿದೆ. ಹಳಸಿದ ಕಾಯಿನೀರಿನ ಹುಳಿ ವಾಸನೆ.

ಮುಚ್ಚಳದ ಮೇಲೆ ಬಿಟ್ಟ ನೀರು ಮುಂದಕ್ಕೆ ಇಳಿದು, ರಬ್ಬರ್ ಇಲ್ಲದ ಆ ಒಂದು ಗೇಣಿನಲ್ಲಿ ಒಳಗೆ ತೊಟ್ಟಿಕ್ಕಿ, ದಿನಾ ನನ್ನ ಜಾಯಿಂಟಿನ ಮೇಲೆ ಬೀಳುತ್ತಿತ್ತು. ಮಳೆನೀರಾಗಿದ್ದರೆ ಆರಿಹೋಗುತ್ತಿತ್ತು. ಕಾಯಿನೀರಿನಲ್ಲಿ ಉಪ್ಪೂ ಇದೆ, ಸಿಹಿಯೂ ಇದೆ. ಆರಿದರೆ ಅಂಟಾಗುತ್ತದೆ, ಮಾರನೆಯ ದಿನದ ನೀರಿಗೆ ಮತ್ತೆ ಹಸಿಯಾಗುತ್ತದೆ. ಹಸಿ ಇರುವಷ್ಟು ಹೊತ್ತು ಕರೆಂಟು ಅದರ ಮೂಲಕ ಮೈಗೆ ಇಳಿದು ಹೋಗುತ್ತದೆ, ಯಾರೋ ಕೆಂಪು ಗುಂಡಿಯನ್ನು ಒತ್ತಿ ಹಿಡಿದ ಹಾಗೆ. ಬಿಸಿಲೇರಿ ಆರಿದ ಮೇಲೆ ನಾನು ಬಸ್ಸಿನಿಂದ ಇಳಿಯುತ್ತಿದ್ದೆ.

ಡೀಸೆಲ್ ಪಂಪ್‌ಸೆಟ್ಟಿಗೆ ಪ್ಲಗ್ಗಿಲ್ಲ, ಕಿಡಿಯ ವೈರಿಲ್ಲ. ಅದರ ನೆತ್ತಿಯ ಮೇಲೆ ಕೊಡಗಟ್ಟಲೆ ಸುರಿದರೂ ಅದಕ್ಕೇನೂ ಇಲ್ಲ. ಎಂಜಿನ್ನು ಎಂಜಿನ್ನೇ ಎಂದು ನಾನು ಒಪ್ಪಿಕೊಂಡಿದ್ದೆನಲ್ಲ.

“ಮಂಗಳವಾರ ಬೆಳಿಗ್ಗೆ ನೀವು ಎಲ್ಲಿರ್ತೀರಿ?” ಮ್ಯಾನೇಜರನ್ನು ಕೇಳಿದೆ.

“ಮೈಸೂರಲ್ಲಿ. ಗುತ್ತಿಗೆದಾರ್ರ ಆಫೀಸಿಗೆ ಹೋಗಬೇಕಲ್ಲ. ಯಾಕೆ?”

“ಆಗ ಹಳೇ ಡ್ರೈವರು ಇದ್ದಾಗ, ಮಂಗಳವಾರ ಕಾಯಿ?”

“ನಾನಿಲ್ದೆ ಯಾರು ಒಡೀತಾರೆ? ಅವನಂತೂ ಒಡೀತಿರಲಿಲ್ಲ.”

ಜಾಯಿಂಟನ್ನು ಕತ್ತರಿಸಿ ಹೊಸ ವೈರು ಎಳೆದೆ, ಬೆಸುಗೆ ಹಾಕಿ ಮೇಲೆ ರಬ್ಬರ್ ಕೊಳವೆ ಹೊದಿಸಿ ಎತ್ತರಕ್ಕೆ ಕಟ್ಟಿದೆ, ಮುಚ್ಚಳದ ಪಟ್ಟಿ ಬದಲಾಯಿಸಿದೆ. ಎಂಜಿನ್ ಎರಡನೆಯ ಎಳೆತಕ್ಕೆ ಬಂತು. ಕಾಯಿಯನ್ನು ಇನ್ನು ದಡದ ಕಲ್ಲಿಗೆ ಒಡೆಯಿರಿ ಎಂದು ಹೇಳಿದೆ. ಮೊದಲ ದಿನ ಹೇಳಿದ್ದರೆ ಅದೂ ಪೂಜೆಯೇ ಆಗುತ್ತಿತ್ತು.

ಆಮೇಲೆ ಅದೇ ಟೇಬಲ್ಲಿನ ಮೇಲೆ ಎರಡನೆಯ ಕಾಗದ ಬರೆದೆ. ಕಿಡಿ ಬಾರದಿರಲು ಕಾರಣ ನಾನು ಹಾಕಿದ ಜಾಯಿಂಟು ಮತ್ತು ನಾನು ಶುರು ಮಾಡಿದ ಕಾಯಿನೀರು. ಚಾಲಕರ ತಪ್ಪಿಲ್ಲ. ಹಿಂದಿನ ಕಾಗದವನ್ನು ವಾಪಸು ಪಡೆಯುತ್ತಿದ್ದೇನೆ. ಸಹಿ, ಸೀಲು.

ಮ್ಯಾನೇಜರು ಓದಿದರು, ಮಡಿಸಿದರು, ನನ್ನ ಕೈಗೇ ಕೊಟ್ಟರು. “ಎಂಜಿನ್ ಸರಿಹೋಯ್ತಲ್ಲ, ಮತ್ತೆ ಕಾಗದ ಯಾಕೆ? ಪೂಜೆಯಿಂದ ಕೆಟ್ಟೋಯ್ತು ಅನ್ನೋ ಕಾಗದಾನ ನಾನು ಯಾರ ಕೈಗೆ ಕೊಡ್ಲಿ ಹೇಳಿ? ನಿಮ್ಮತ್ರಾನೇ ಇರ್ಲಿ.”

“ಮೊದಲನೇದು ಕೊಡಿ ಹಾಗಾದರೆ.”

“ಅದು ಫೈಲ್‌ಗೆ ಹೋಯ್ತು.”

ಹಳೇ ಡ್ರೈವರನ್ನು ಹುಡುಕಿಕೊಂಡು ಬನ್ನೂರಿಗೆ ಹೋದದ್ದು ನಾಲ್ಕು ದಿನದ ಮೇಲೆ. ವಿಚಾರಿಸುತ್ತಾ ಹೋದರೆ ಊರ ಹೊರಗಿನ ಒಂದು ಆಲೆಮನೆ ತೋರಿಸಿದರು. ಕಬ್ಬಿನ ಸಿಪ್ಪೆಯ ರಾಶಿ, ಕುದಿಯುವ ಕಬ್ಬಿನ ಹಾಲಿನ ವಾಸನೆ. ಗಾಣ ತಿರುಗಿಸುವ ಡೀಸೆಲ್ ಎಂಜಿನ್ನಿನ ಪಕ್ಕದಲ್ಲಿ ಅವರು ಬೆಲ್ಟಿಗೆ ಮೇಣ ಉಜ್ಜುತ್ತಿದ್ದರು.

“ಬನ್ನಿ ಸಾ. ಕಬ್ಬಿನಾಲು ಕುಡೀತೀರಾ?”

“ನೀವು ಹೇಳಿದ್ದೇ ನಿಜವಾಯ್ತು,” ಅಂದೆ.

“ಇವತ್ತು ‘ನೀವು’ ಅಂತೀರಲ್ಲ ಸಾ.”

ಎಲ್ಲ ಹೇಳಿದೆ, ಜಾಯಿಂಟು, ರಬ್ಬರು, ಮಂಗಳವಾರ. ಅವರು ಬೆಲ್ಟು ಉಜ್ಜುತ್ತಲೇ ಕೇಳಿದರು. ಆಶ್ಚರ್ಯಪಟ್ಟ ಹಾಗೆ ಕಾಣಲಿಲ್ಲ.

“ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು ಅಂತಲ್ಲ. ವೈರು ಪೈರು ನಂಗೇನ್ ಗೊತ್ತು? ಅನ್ಮಾನ ಇತ್ತು. ನೀರು ಬೀಳ್ದೆ ಇರೋ ದಿನ ಅದೊಂದೇಯ.”

“ಬಾಯಿಬಿಟ್ಟು ಹೇಳಬಹುದಿತ್ತಲ್ಲ.”

ಅವರ ಕೈ ನಿಂತಿತು. “ಯಾರು ಏಳ್ಬೇಕಿತ್ತು ಸಾ? ಕಾಯಿ ಒಡೆಯಕಿಲ್ಲ ಅಂದೋನೇ ಕಾಯಿನೀರ್ನಿಂದ ಕೆಟ್ಟೋಗದೆ ಅಂದಿದ್ರೆ, ಅವತ್ತೇ ಕಳುಸ್ತಿದ್ರು. ಅದ್ಕೇಯ ಮಂಗ್ಳಾರ ಬನ್ನಿ ಅಂದೆ. ಬರ್ಕಳಿ ಅಂದೆ. ನೀವು ಬರ್ಕಂಡ್ರಿ.”

ಎರಡನೆಯ ಕಾಗದವನ್ನು ಕೊಟ್ಟೆ. ಕೈ ಒರೆಸಿಕೊಂಡು ಸಾಲು ಸಾಲಾಗಿ, ತುಟಿ ಅಲ್ಲಾಡಿಸುತ್ತಾ ಓದಿದರು. ಅಂಗೈಯಲ್ಲಿ ಹುಟ್ಟು ಸುಲಿದ ಕಲೆ ಇನ್ನೂ ಕೆಂಪಗಿತ್ತು. ಮಡಿಸಿ ವಾಪಸು ಕೊಟ್ಟರು.

“ಚೆನ್ನಾಗಿ ಬರ್ದಿದ್ದೀರಿ. ಇದು ಅವ್ರತ್ರ ಇರ್ಬೇಕಿತ್ತು. ಆ ಮೊದಲ್ನೇದು ನಿಮ್ಮತ್ರ.”

ಆಲೆಮನೆಯ ಯಜಮಾನರು ಮುಂದಿನ ಕೊಪ್ಪರಿಗೆಗೆ ಹಾಲು ಬೇಕೆಂದು ಕೂಗಿದರು. ಕೈಯಲ್ಲಿ ಕಾಯಿ ಹಿಡಿದೇ ಬಂದರು, ಒಡೆದರು, ನೀರನ್ನು ಇನ್ನೂ ಬಿಸಿ ಆರದ ಎಂಜಿನ್ನಿನ ನೆತ್ತಿಯ ಮೇಲೆ ಬಿಟ್ಟರು. ಚುರ್ ಅಂದಿತು. ಡ್ರೈವರು ಅಂದಿನ ಹಾಗೇ ಎರಡು ಹೆಜ್ಜೆ ಸರಿದು ನಿಂತು, ಮುಗಿದ ಮೇಲೆ ಹ್ಯಾಂಡಲ್ ಎತ್ತಿಕೊಂಡರು.

“ಇದ್ಕೇನೂ ಆಗಾಕಿಲ್ಲ ಸಾ. ನಿಮ್ಗೇ ಗೊತ್ತಲ್ಲ.”

ಒಂದೇ ತಿರುವಿಗೆ ಎಂಜಿನ್ ಹೊತ್ತಿಕೊಂಡಿತು. ಆ ಸದ್ದಿನಲ್ಲಿ ಮುಂದೆ ಮಾತಾಡುವ ಹಾಗಿರಲಿಲ್ಲ. ಕಾಗದವನ್ನು ಜೇಬಿಗೆ ಹಾಕಿಕೊಂಡು ಬಸ್ಸಿನ ದಾರಿ ಹಿಡಿದೆ.